ಮಾಲೆ ಹಾಕಿದಾಗ ಸುಮ್ಮನಿದ್ದ ಗೆಳೆಯರು ಈಗ್ಯಾಕೆ ಬಿಡುತ್ತಿಲ್ಲ?

ಕುಡಿತ ಬಿಡುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇರೆ ಬೇರೆ ಊರಿನವರು. ಆದರೂ ಓದುವಾಗ ನಾಲ್ವರೂ ಒಂದೇ ಟೇಬಲ್ಲಿನ ಸುತ್ತ ಕೂತಿದ್ದಾರೆ ಅನಿಸಿತು.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ 31 ವರ್ಷ ಆಫ್‌ಸೆಟ್ ಮಷಿನ್ ಓಡಿಸಿದವನು. ಅದರಲ್ಲಿ 19 ವರ್ಷ ಕುಡಿದುಕೊಂಡೇ ಓಡಿಸಿದೆ. ಬಿಟ್ಟಿದ್ದು 2007ರಲ್ಲಿ. ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿದ್ದೂ ಅದೇ ವರ್ಷ. ಆದರೆ ನಾನು ಕುಡಿಯುತ್ತಿದ್ದದ್ದು ರಮ್ಮು, ಹಾಗಾಗಿ ಸರ್ಕಾರಕ್ಕೆ ಇದರಲ್ಲಿ ಪಾಲಿಲ್ಲ.

ಪ್ರಶ್ನೆ: ಸಾರ್, ನನಗೆ 34 ವರ್ಷ. ಊರು ಮದ್ದೂರಿನ ಹತ್ತಿರ, ಕೆಲಸ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ. ಕುಡಿಯೋದು ಬಿಟ್ಟು ಏಳು ತಿಂಗಳಾಯಿತು. ಮಗಳ ಹುಟ್ಟುಹಬ್ಬದ ದಿನ ಕೇಕ್ ಕಟ್ ಮಾಡುವಾಗ ನಾನು ಸೋಫಾ ಮೇಲೆ ಬಿದ್ದಿದ್ದೆ. ಫೋಟೋದಲ್ಲಿ ನನ್ನ ಕಾಲು ಮಾತ್ರ ಇದೆ. ಅದನ್ನು ನೋಡಿ ಬಿಟ್ಟೆ. ಮಾರ್ಲಮಿ ಹಬ್ಬದಲ್ಲಿ ತಾತನ ಎಡೆಗೆ ಇಟ್ಟಿದ್ದ ಕ್ವಾರ್ಟರ್ ಎದುರಿಗೇ ಇತ್ತು, ಹೇಗೋ ದಾಟಿದೆ. ಈಗ ಯುಗಾದಿ ಬರುತ್ತಿದೆ. ಹೊಸತೊಡಕಿನ ದಿನ ಸ್ಕೂಲಿನ ಗೆಳೆಯರು ಆರು ಜನ ತೋಟದ ಪಂಪ್‌ಸೆಟ್ ಮನೆಯಲ್ಲಿ ಸೇರುತ್ತೇವೆ. ಬಾಡೂಟ, ಇಸ್ಪೀಟು, ಎಣ್ಣೆ. 'ಬರದೇ ಇದ್ದರೆ ನೋಡು' ಅಂತ ಈಗಲೇ ಶುರು ಮಾಡಿದ್ದಾರೆ. ಹೋದ ತಿಂಗಳು ಒಬ್ಬ ನನ್ನ ಕೋಲಾಗೆ ರಮ್ ಬೆರೆಸಿಬಿಟ್ಟಿದ್ದ. ವಾಸನೆ ಗೊತ್ತಾಗಿ ಚೆಲ್ಲಿದೆ. ಎಲ್ಲರೂ ನಕ್ಕರು. ಸೋಡಾ ಕುಡಿದು ಎದ್ದರೂ ಬಿಲ್ ಸಮಪಾಲು. ಆಮೇಲೆ ಎಲ್ಲರನ್ನೂ ಮನೆಗೆ ಬಿಡೋ ಡ್ರೈವರ್ ಕೂಡ ನಾನೇ. ಮೂರು ಸಲ ಶಬರಿಮಲೆಗೆ ಮಾಲೆ ಹಾಕಿದ್ದೇನೆ. ಆ 41 ದಿನ ಇದೇ ಗೆಳೆಯರು ನನ್ನ ಪಕ್ಕ ಗ್ಲಾಸು ಕೂಡ ಇಡುತ್ತಿರಲಿಲ್ಲ. ಈಗ್ಯಾಕೆ ಹೀಗೆ? ಹೋಗಲೋ ಬೇಡವೋ?

ಉತ್ತರ: ಊರಿಗೆ ಹೋಗಿ. ಪಂಪ್‌ಸೆಟ್ ಮನೆಗೆ ಈ ವರ್ಷ ಹೋಗಬೇಡಿ. ಮೊದಲು ಇದನ್ನು ಹೇಳಿಬಿಟ್ಟೆ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನಿಮ್ಮ ಮಾಲೆಯ ಮಾತು ಓದಿ ಪತ್ರವನ್ನು ಕೆಳಗಿಟ್ಟು ಒಂದು ಕಾಫಿ ಕುಡಿದು ಬಂದೆ. ಇಷ್ಟು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ. ನಿಜ ಅಲ್ವಾ? ಕಪ್ಪು ಬಟ್ಟೆ ಉಟ್ಟು ಬಂದವನಿಗೆ ಯಾವ ಗೆಳೆಯನೂ 'ಒಂದೇ ನೈಂಟಿ ಹಾಕು ಮಗಾ' ಅನ್ನೋದಿಲ್ಲ. ನಿನ್ನೆವರೆಗೆ ಏಕವಚನದಲ್ಲಿ ಬೈಯುತ್ತಿದ್ದವನೂ 'ಸ್ವಾಮಿ' ಅಂತಾನೆ. ದೇವರ ಭಯ ಅನ್ನಬಹುದು. ನನಗೆ ಬೇರೆ ಕಾರಣ ಕಾಣುತ್ತದೆ. ಮಾಲೆಗೆ ತಾರೀಖು ಇದೆ. ಮಕರ ಸಂಕ್ರಾಂತಿ ಕಳೆದರೆ ನೀವು ವಾಪಸ್ ಬರುತ್ತೀರಿ ಅಂತ ಅವರಿಗೆ ಗೊತ್ತು. ಕಾಯುತ್ತಾರೆ. ಈಗ ಬಿಟ್ಟಿದ್ದಕ್ಕೆ ತಾರೀಖಿಲ್ಲ. ಆರು ಜನರ ಗುಂಪಿನಲ್ಲಿ ಒಬ್ಬ ಎದ್ದು ಹೋದ ಹಾಗೆ ಅವರಿಗೆ ಕಾಣುತ್ತಿದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಲ್ಲರೂ ಕುಡಿಯುವ ಕಡೆ ಒಬ್ಬ ಸೋಡಾ ಹಿಡಿದು ಕೂತರೆ, ಅವನು ನಮ್ಮ ಪೆಗ್ಗಿನ ಲೆಕ್ಕ ಇಡುತ್ತಿದ್ದಾನೆ ಅನಿಸುತ್ತದೆ. ನಾನೂ ಒಂದು ಕಾಲದಲ್ಲಿ ಅಂಥವನೊಬ್ಬನನ್ನು ಕಂಡರೆ ಉರಿದು ಬೀಳುತ್ತಿದ್ದೆ. ಪಾಪ, ಅವನು ಕಡ್ಲೆಬೀಜ ತಿನ್ನುತ್ತಿದ್ದ, ಅಷ್ಟೇ.

ಹಾಗಾಗಿ 'ಇನ್ನು ಜೀವನದಲ್ಲಿ ಮುಟ್ಟಲ್ಲ' ಅಂತ ಅವರ ಮುಂದೆ ಶಪಥ ಮಾಡಬೇಡಿ. ಅದು ಅವರಿಗೆ ಪಂದ್ಯ ಕಟ್ಟಿದ ಹಾಗೆ ಕೇಳಿಸುತ್ತದೆ. ಎಷ್ಟು ದಿನ ನೋಡೋಣ ಅಂತ ಶುರುವಾಗುತ್ತದೆ. 'ಮಾತ್ರೆ ತಗೋತಿದ್ದೀನಿ' ಅಂತ ಸುಳ್ಳೂ ಬೇಡ. ಮಾತ್ರೆಯ ಕೋರ್ಸು ಐದು ದಿನಕ್ಕೆ ಮುಗಿಯುತ್ತದೆ, ಆರನೇ ದಿನ ಏನು ಹೇಳುತ್ತೀರಿ? 'ಇವತ್ತು ಬೇಡ ಕಣೋ' ಅನ್ನಿ. ಅಷ್ಟೇ. ಕಾರಣ ಕೇಳಿದರೆ ಮತ್ತೆ ಅದನ್ನೇ ಹೇಳಿ. ಕಾರಣ ಕೊಟ್ಟರೆ ಅದನ್ನು ಒಡೆಯೋಕೆ ಅವರ ಹತ್ತಿರ ನೂರು ಮಾತಿವೆ. 'ಇವತ್ತು ಬೇಡ' ಎಂಬುದರಲ್ಲಿ ಹಿಡಿದು ಎಳೆಯೋಕೆ ಹಿಡಿಯೇ ಇಲ್ಲ. ನಾಳೆಯೂ ಅದನ್ನೇ ಹೇಳಿ. ನಾನು ಹದಿನೆಂಟು ವರ್ಷ ದಾಟಿದ ಮೇಲೂ ಅದನ್ನೇ ಹೇಳುತ್ತಿದ್ದೇನೆ.

ಈಗ ಪಂಪ್‌ಸೆಟ್ ಮನೆ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ನಾನು ಮೊದಲ ಸಲ ಬಿಟ್ಟಿದ್ದು 2006ರಲ್ಲಿ. ನಾಲ್ಕು ತಿಂಗಳು ಚೆನ್ನಾಗಿಯೇ ಇದ್ದೆ. ಪಾಂಡವಪುರದ ಕಡೆ ಒಂದು ಬೀಗರೂಟಕ್ಕೆ ಹೋದೆ. ಊಟ ಹನ್ನೆರಡಕ್ಕೆ ಅಂದಿದ್ದರು, ಮೂರು ಗಂಟೆಯಾದರೂ ಪಂಕ್ತಿ ಹಾಕಲಿಲ್ಲ. ಹಿಂದಿನ ರಾತ್ರಿ ನೈಟ್ ಶಿಫ್ಟ್ ಮುಗಿಸಿ ಹೋಗಿದ್ದೆ, ನಿದ್ದೆಯಿಲ್ಲ. ಹೊಟ್ಟೆ ಖಾಲಿ. ತೆಂಗಿನ ಮರದ ಕೆಳಗೆ ಪ್ರೆಸ್ಸಿನ ಹುಡುಗರು ಕೂತಿದ್ದರು. ಯಾರೂ ಒತ್ತಾಯ ಮಾಡಲಿಲ್ಲ. ಒಬ್ಬ ನನ್ನ ಮುಖ ನೋಡಿ ಗ್ಲಾಸು ಮುಂದಕ್ಕೆ ತಳ್ಳಿದ, ಅಷ್ಟೇ. ಎತ್ತಿಕೊಂಡವನು ನಾನೇ. ಆ ಒಂದು ಗ್ಲಾಸಿನಿಂದ ಹೊರಗೆ ಬರೋಕೆ ಹನ್ನೊಂದು ತಿಂಗಳು ಹಿಡಿಯಿತು.

ಕುಡಿತ ಬಿಡೋಕೆ ಹೊರಟವರು ಸೇರುವ ಎಎ ಗುಂಪಿಗೆ ಹೋದಾಗ ಅಲ್ಲಿನ ಹಿರಿಯರು ಹೇಳಿದ್ದು ಆಗ ಅರ್ಥವಾಯಿತು. ಹಸಿವು, ಸಿಟ್ಟು, ಒಂಟಿತನ, ಆಯಾಸ. ಈ ನಾಲ್ಕರಲ್ಲಿ ಒಂದಿದ್ದರೂ ಹುಷಾರು ಅನ್ನುತ್ತಾರೆ. ನನ್ನ ಹತ್ತಿರ ಅವತ್ತು ಎರಡಿದ್ದವು. ಗೆಳೆಯರನ್ನು ಬೈದುಕೊಂಡು ತಿರುಗಿದ್ದೆ. ತಪ್ಪಿದ್ದದ್ದು ಬೆಳಗಿನ ತಿಂಡಿ.

ನಿಮ್ಮ ಹೊಸತೊಡಕಿನ ದಿನವನ್ನು ಹೀಗೆ ಮಾಡಿ. ಬೆಳಗಿನ ಜಾವ ಗುಡ್ಡೆ ಬಾಡು ಹಾಕುವ ಕಡೆ ಹೋಗಿ. ಅಲ್ಲಿ ಎಲ್ಲರೂ ಸಿಗುತ್ತಾರೆ, ಎಲ್ಲರೂ ನೆಟ್ಟಗಿರುತ್ತಾರೆ. ಮಾತಾಡಿ, ಕಾಲೆಳೆಯಿರಿ, ನಿಮ್ಮ ಪಾಲಿನ ಗುಡ್ಡೆ ಎತ್ತಿಕೊಂಡು ಮನೆಗೆ ಬನ್ನಿ. ಒಲೆ ಹತ್ತಿರ ಕೂತು ಈರುಳ್ಳಿ ಬೆಳ್ಳುಳ್ಳಿ ಬಿಡಿಸಿಕೊಡಿ. ಒಂದು ಗಂಟೆಗೆ ಮಗಳ ಪಕ್ಕ ಕೂತು ಮುದ್ದೆ ಮುರಿಯಿರಿ. ಹೊಟ್ಟೆ ತುಂಬ ಮುದ್ದೆ ಇರುವವನಿಗೆ ಎಣ್ಣೆಯ ನೆನಪು ಅರ್ಧ ಕಡಿಮೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಲೆಕ್ಕ. ಸಂಜೆ ಫೋನ್ ಬಂದರೆ 'ಬೆಳಿಗ್ಗೆ ಸಿಕ್ಕಿದ್ವಲ್ಲ' ಅನ್ನಿ.

ಮುಂದಿನ ವರ್ಷ ಹೋಗಬಹುದಾ? ಹೋಗಬಹುದು. ಹೋಗುವ ಕಾಲ ಬಂದಾಗ ತಿಂದು ಹೋಗಿ. ನಿಮ್ಮದೇ ಗಾಡಿಯಲ್ಲಿ ಹೋಗಿ, ಇನ್ನೊಬ್ಬನ ಹಿಂದೆ ಕೂತು ಬೇಡ. ಗಾಡಿಯ ಮುಖ ರಸ್ತೆ ಕಡೆಗಿರಲಿ. ಗ್ಲಾಸು ಕೈಯಲ್ಲೇ ಇರಲಿ, ನೀವೇ ಸುರಿದುಕೊಂಡದ್ದಾಗಿರಲಿ. ಎದ್ದು ಹೋಗಿ ಬಂದರೆ ಹಳೆಯದು ಬಿಟ್ಟು ಹೊಸದು ತಗೊಳ್ಳಿ. ಎರಡನೇ ರೌಂಡು ಮುಗಿಯುವಷ್ಟರಲ್ಲಿ ಎದ್ದುಬಿಡಿ. ಮೂರನೇ ರೌಂಡಿನ ಮೇಲೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಕುಡಿಯದೆ ಕೂತು ಕೇಳಿದ ಮೇಲೆ ಗೊತ್ತಾಗಿದ್ದು, ಹೇಳಿದ ಕತೆಯನ್ನೇ ನಾಲ್ಕು ಸಲ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆನಂತೆ. ನನ್ನದು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಚಪ್ಪಲಿ ಕಳೆದ ಕತೆ.

ಕೋಲಾಗೆ ರಮ್ ಬೆರೆಸಿದವನ ಜೊತೆ ಮಾತ್ರ ಸಡಿಲ ಬಿಡಬೇಡಿ. ಗುಂಪಿನಲ್ಲಿ ಬೇಡ, ಒಬ್ಬನನ್ನೇ ಕರೆದು, ಬೆಳಗಿನ ಹೊತ್ತು ಹೇಳಿ. ಕುಡಿತ ಬಿಡಿಸೋಕೆ ಡಾಕ್ಟರ್ ಕೊಡುವ ಒಂದು ಮಾತ್ರೆ ಇದೆ, ಅದನ್ನು ತಗೊಳ್ಳುವವನ ಹೊಟ್ಟೆಗೆ ಎಣ್ಣೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತದೆ. ನೀವು ಅದನ್ನು ತಗೊಳ್ಳುತ್ತೀರೋ ಇಲ್ಲವೋ ಅವನಿಗೆ ಗೊತ್ತಿತ್ತಾ? ಇಷ್ಟು ಕೇಳಿ. ಆಮೇಲೂ ನಕ್ಕರೆ ಅವನ ಕೈಯಿಂದ ನೀರೂ ಬೇಡ.

ಬಿಲ್ಲಿನ ವಿಷಯ ಸಣ್ಣದಲ್ಲ, ಸಂಕೋಚ ಬೇಡ. 'ಊಟದ್ದು ಸಮ ಹಾಕಿ, ಎಣ್ಣೆದು ನೀವು ಹಾಕ್ಕೊಳಿ' ಅನ್ನಿ. ಒಂದು ಸಲ ಕಷ್ಟ, ಎರಡನೇ ಸಲ ಅವರೇ ಲೆಕ್ಕ ಬೇರೆ ಮಾಡುತ್ತಾರೆ. ಡ್ರೈವರ್ ಕೆಲಸ ಮೊದಲ ವರ್ಷ ಬೇಡವೇ ಬೇಡ. ಕುಡಿದವರು ಗಾಡಿ ಓಡಿಸಬಾರದು ಅನ್ನೋದು ಸರಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ಅವರನ್ನೆಲ್ಲ ಬಿಡಬೇಕು ಅಂದರೆ ನೀವು ಕೊನೆಯ ರೌಂಡಿನ ತನಕ ಕಾಯಬೇಕು. ಆಟೋ ಹೇಳಿಕೊಡಿ, ಎದ್ದು ಬನ್ನಿ.

ಇನ್ನೊಂದು, ಜೇಬಿನಲ್ಲಿ ಒಂದು ಫೋನ್ ನಂಬರ್ ಇರಲಿ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಒಂದು ಹೋಟೆಲಿನಲ್ಲಿ ಬಿಲ್ ವಿಲ್ಸನ್ ಎಂಬಾತ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತ್ತು. ಪಕ್ಕದಲ್ಲೇ ಬಾರು, ಒಳಗಿನ ನಗು ಮಾತು ಕೇಳುತ್ತಿತ್ತು. ಆತ ಬಾರಿಗೆ ಹೋಗಲಿಲ್ಲ. ಅಲ್ಲಿದ್ದ ಫೋನಿನಿಂದ ಊರಿನ ಚರ್ಚುಗಳಿಗೆ ಫೋನ್ ಹಚ್ಚಿ, ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂದ. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಸರ್ಜನ್. ಅವರಿಬ್ಬರಿಂದ ಶುರುವಾದದ್ದೇ ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎಎ ಅನ್ನುವುದು. ಫೀಸಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ. ನನ್ನ ಕಾಲದಲ್ಲಿ ಜೇಬಿನಲ್ಲಿ ಯಾವಾಗಲೂ ಮೂರು ಒಂದು ರೂಪಾಯಿ ಕಾಯಿನ್ ಇಟ್ಟುಕೊಳ್ಳುತ್ತಿದ್ದೆ, ಕಾಯಿನ್ ಬಾಕ್ಸಿಗೆ. ಪ್ರೆಸ್ ಗೇಟಿನಿಂದ ಬಾರಿಗೆ ನೂರು ಹೆಜ್ಜೆ, ಕಾಯಿನ್ ಬಾಕ್ಸಿಗೆ ನಲವತ್ತು. ಆ ಕಡೆ ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹಿರಿಯರು ಫೋನ್ ಎತ್ತಿ, 'ಊಟ ಆಯ್ತೇನಯ್ಯ?' ಅನ್ನುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ಚಪಲ ಅಲೆಯ ಹಾಗೆ. ಏರುತ್ತದೆ, ಅರ್ಧ ಗಂಟೆ ತಡೆದರೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಒಬ್ಬರು ಬೇಕು.

ಕೊನೆಗೆ ಗೆಳೆಯರನ್ನು ಬಿಡಬೇಕಾ ಅನ್ನೋದು. ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಉಳಿದ ಐದು ಜನರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ನೋಡಿ. ಸುಮ್ನೆ ಕಾಫಿಗೆ ಸಿಗೋಣ ಅನ್ನಿ. ನಾನು ಹಾಗೆ ಮಾಡಿದಾಗ ಎಂಟು ಜನರಲ್ಲಿ ಇಬ್ಬರು ಬಂದರು. ಒಬ್ಬ ಈಗಿಲ್ಲ. ಇನ್ನೊಬ್ಬ ಈಗಲೂ ಕುಡಿಯುತ್ತಾನೆ, ಜಾಸ್ತಿಯೇ. ಆದರೆ ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾನೆ. ನಂದಿ ಹತ್ತಿರ ಕೂತು ಏದುಸಿರು ಬಿಡುತ್ತಾ ನನ್ನನ್ನು ಬೈಯುತ್ತಾನೆ. ಉಳಿದ ಆರು ಜನ ಕೆಟ್ಟವರಲ್ಲ. ನಮ್ಮ ನಡುವೆ ಇದ್ದದ್ದು ಬಾಟಲಿ ಮಾತ್ರ. ಅದು ಎದ್ದ ಮೇಲೆ ಮಾತೂ ಎದ್ದುಹೋಯಿತು. ನೋವಾಯಿತು, ಸುಳ್ಳು ಹೇಳುವುದಿಲ್ಲ.

ಪ್ರಶ್ನೆ: ನಾನು 29 ವರ್ಷದ ಹೆಣ್ಣುಮಗಳು, ಐಟಿ ಕೆಲಸ, ಮದುವೆಯಾಗಿ ಎರಡು ವರ್ಷ. ಟೀಮ್ ಪಾರ್ಟಿಗಳಲ್ಲಿ ವೈನ್, ಬಿಯರ್ ಕುಡಿಯುತ್ತಿದ್ದೆ. ಅದು ಮನೆಯಲ್ಲಿ ಒಬ್ಬಳೇ ಕುಡಿಯುವ ತನಕ ಬಂದಾಗ ಹೆದರಿ ಬಿಟ್ಟೆ. ಈಗ ಬೇಡ ಅಂದರೆ ಸಹೋದ್ಯೋಗಿಗಳು 'ಗುಡ್ ನ್ಯೂಸಾ?' ಅಂತ ಹೊಟ್ಟೆ ನೋಡುತ್ತಾರೆ. ಬಿಟ್ಟೆ ಅಂದರೆ ಕುಡಿಯುತ್ತಿದ್ದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರ್ ಹಿಡಿದುಕೊಂಡರೆ ಆಗುತ್ತದಾ?

ಉತ್ತರ: ತಂಗೀ, ಗಂಡಸು ಬಿಟ್ಟರೆ ಶಹಬ್ಬಾಸ್ ಅನ್ನುತ್ತಾರೆ, ಹೆಂಗಸು ಬಿಟ್ಟರೆ ಯಾವಾಗ ಹಿಡಿದಿದ್ದೆ ಅಂತ ಕೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಹೊಟ್ಟೆ ನೋಡುವವರಿಗೆ 'ಇಲ್ಲ, ಕುಡಿದರೆ ನಿದ್ದೆ ಕೆಡುತ್ತೆ' ಅನ್ನಿ. ಅದು ನಿಜವೂ ಹೌದು, ಕುಡಿದ ರಾತ್ರಿಯ ನಿದ್ದೆ ನಿದ್ದೆಯೇ ಅಲ್ಲ. ಇಡೀ ಕತೆ ಹೇಳುವ ಸಾಲ ನೀವು ಯಾರಿಗೂ ಮಾಡಿಲ್ಲ. ಟೀಮಿನಲ್ಲಿ ಒಬ್ಬರಿಗೆ, ಬಾಯಿ ಭದ್ರ ಇರುವವರಿಗೆ ಮಾತ್ರ ಹೇಳಿ. ಗ್ಲಾಸು ಬಂದಾಗ ಅವರು ಮಾತು ತಿರುಗಿಸಲಿ.

ಆ ಬಿಯರ್ ಬೇಡ ಅಂತೀನಿ. 0.5 ಶೇಕಡಾದವರೆಗೆ ಆಲ್ಕೋಹಾಲ್ ಇರುವುದನ್ನೂ ಹಾಗೆ ಮಾರುವುದುಂಟು, ಸೊನ್ನೆ ಎಂದಿರುವುದೂ ಇದೆ. ನನ್ನ ತಕರಾರು ಅಂಕಿಯದ್ದಲ್ಲ. ಅದೇ ಬಾಟಲಿ, ಅದೇ ನೊರೆ, ಅದೇ ಕಹಿ. ನಾಲಿಗೆಗೆ ಹಳೇ ದಾರಿ ತೋರಿಸಿದ ಹಾಗೆ. ಕೆಲವರಿಗೆ ಏನೂ ಆಗುವುದಿಲ್ಲ, ಆದರೆ ಒಬ್ಬಳೇ ಕುಡಿಯುವ ತನಕ ಹೋಗಿದ್ದೆ ಅಂದಿರಲ್ಲ, ಅದಕ್ಕೆ ಹೇಳಿದೆ. ಲೈಮ್ ಸೋಡಾ, ಉಪ್ಪು ಹಾಕಿಸಿ. ನೋಡೋಕೆ ಚೆನ್ನಾಗಿರುತ್ತೆ, ಯಾರೂ ಕೇಳುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಕುಡಿಯೋದು ಬಿಟ್ಟು ಮೂರು ವಾರ. ಅವರ ಗೆಳೆಯರು ಮೊದಲಿನ ಹಾಗೇ ನಮ್ಮ ತಾರಸಿ ಮೇಲೆ ಕೂತು ಕುಡಿಯೋಕೆ ಬರುತ್ತಾರೆ. ಬೇಡ ಅನ್ನೋಕೆ ಇವರಿಗೆ ದಾಕ್ಷಿಣ್ಯ. ನಮ್ಮ ಓರಗಿತ್ತಿ, ಸಾರಿನಲ್ಲಿ ಬೆರೆಸಿಕೊಡುವ ಮಾತ್ರೆ ಇದೆ, ಕುಡಿದರೆ ವಾಂತಿಯಾಗಿ ಬುದ್ಧಿ ಬರುತ್ತದೆ ಅನ್ನುತ್ತಿದ್ದಾಳೆ. ಕೊಡಲಾ?

ಉತ್ತರ: ಬೇಡಮ್ಮ. ಖಂಡಿತ ಬೇಡ. ಅದು ಡೈಸಲ್ಫಿರಾಮ್ ಎಂಬ ಮಾತ್ರೆ ಇರಬೇಕು. ಎಣ್ಣೆ ಒಳಗೆ ಹೋದಾಗ ಮೈಯಲ್ಲಿ ಒಂದು ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಬೇಗ ಕರಗುತ್ತದೆ, ಈ ಮಾತ್ರೆ ಕರಗೋಕೆ ಬಿಡುವುದಿಲ್ಲ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗಬಹುದು. ಜೀವಕ್ಕೇ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪ್ರಭಾವ ಇರಬಹುದು. ಅದಕ್ಕೇ ಡಾಕ್ಟರು ಪರೀಕ್ಷೆ ಮಾಡಿ, ತಗೊಳ್ಳುವವನಿಗೆ ತಿಳಿಸಿ, ಒಪ್ಪಿದರೆ ಮಾತ್ರ ಕೊಡುತ್ತಾರೆ. ಚಪಲ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್‌ನಂಥ ಬೇರೆ ಮಾತ್ರೆಗಳೂ ಇವೆ, ಅವನ್ನೂ ಡಾಕ್ಟರೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದೆ ಎಂದಾದರೂ ಅವರು ಮತ್ತೆ ದಿನಾ ಕುಡಿಯೋಕೆ ಶುರು ಮಾಡಿ, ಒಮ್ಮೆಲೇ ನಿಲ್ಲಿಸಿದರೆ ಒಂದು ವಿಷಯ ನೆನಪಿರಲಿ. ಕೈ ನಡುಗುವುದು, ಬೆವರುವುದು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಆಗ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ತಾರಸಿ. ಇವರಿಗೆ ದಾಕ್ಷಿಣ್ಯ ಇದ್ದರೆ ನಿಮಗೆ ಇರಬೇಕು ಅಂತಿಲ್ಲ. ಮನೆ ನಿಮ್ಮದೂ ಹೌದು. ಆದರೆ ಅವರ ಬೆನ್ನ ಹಿಂದೆ ಗೆಳೆಯರನ್ನು ಬೈಯಬೇಡಿ, ಅದು ಅವರಿಗೆ ಅವಮಾನವಾಗಿ ಕೂತುಬಿಡುತ್ತದೆ. ಮೊದಲು ಇಬ್ಬರೂ ಮಾತಾಡಿ, 'ನಾನು ಬೇಡ ಅಂದೆ ಅಂತ ನನ್ನ ಮೇಲೇ ಹಾಕಿ' ಅನ್ನಿ. ನನ್ನ ಹೆಂಡತಿ ಹಾಗೇ ಮಾಡಿದಳು. ನಮ್ಮ ಬೀದಿಯಲ್ಲಿ ಎರಡು ವರ್ಷ ಗಯ್ಯಾಳಿ ಅನ್ನಿಸಿಕೊಂಡಳು. ಆ ಹೆಸರಿನ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೆ. ಅವಳಿಗೆ ಇದಕ್ಕೆ ಥ್ಯಾಂಕ್ಸ್ ಹೇಳಿದ್ದೇನಾ ಅಂತ ಈಗ ಬರೆಯುವಾಗ ಯೋಚಿಸುತ್ತಿದ್ದೇನೆ. ಹೇಳಿಲ್ಲ.

ನಿಮ್ಮಂಥವರಿಗೂ ಒಂದು ಗುಂಪಿದೆ, ಅಲ್-ಅನಾನ್ ಅಂತ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬಾಕೆಯ ಜೊತೆ ಶುರು ಮಾಡಿದ್ದು. ಗಂಡ ಬರದಿದ್ದರೂ ನೀವು ಹೋಗಬಹುದು.

ಪ್ರಶ್ನೆ: ನಾನು ಕುಡಿಯುತ್ತೇನೆ, ಬಿಡುವ ಯೋಚನೆ ಇಲ್ಲ. ನನ್ನ ಜೀವದ ಗೆಳೆಯ ಬಿಟ್ಟಿದ್ದಾನೆ. ಪಾರ್ಟಿಗೆ ಕರೆದರೆ ಅವನಿಗೆ ಕಷ್ಟ, ಕರೆಯದಿದ್ದರೆ ಬೇಜಾರು. ಏನು ಮಾಡಲಿ?

ಉತ್ತರ: ಇಂಥ ಪತ್ರ ನನಗೆ ಬಂದದ್ದು ಇದೇ ಮೊದಲು, ಸಂತೋಷವಾಯಿತು. ಎಲ್ಲಿ, ಯಾರ್ಯಾರು, ಎಣ್ಣೆ ಇರುತ್ತದೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕರೆಯಿರಿ. ಬರೋದು ಬಿಡೋದು ಅವನೇ ತೀರ್ಮಾನಿಸಲಿ. ಬರಲ್ಲ ಅಂದರೆ ಕಾರಣ ಕೇಳಬೇಡಿ. ಬಂದರೆ ಊಟ ಬೇಗ ಹಾಕಿಸಿ. ಬೇಗ ಎದ್ದರೆ ತಡೆಯಬೇಡಿ, ಗೇಟಿನ ತನಕ ಹೋಗಿ ಕಳಿಸಿ ಬನ್ನಿ. ಅವನ ಮುಂದೆ ಹೊಗಳುವುದೂ ಬೇಡ. 'ಇವನು ನೋಡ್ರೋ, ಎಷ್ಟು ಕಂಟ್ರೋಲು' ಅಂತ ನಾಲ್ಕು ಜನರ ಮಧ್ಯೆ ಹೇಳಿದರೆ, ನಾಲ್ಕೂ ಜನ ಅವನ ಗ್ಲಾಸು ನೋಡುತ್ತಾರೆ.

ಮತ್ತೆ ಮಧ್ಯೆ ಒಂದು ದಿನ, ಕುಡಿಯದ ಹೊತ್ತಿನಲ್ಲಿ, ಅವನನ್ನು ಮಸಾಲೆ ದೋಸೆಗೆ ಕರೆದುಕೊಂಡು ಹೋಗಿ. ಬಿಲ್ ನೀವು ಕೊಡಿ. ಇಷ್ಟು ದಿನ ಸೋಡಾ ಕುಡಿದು ನಿಮ್ಮ ಎಣ್ಣೆಗೆ ಪಾಲು ಹಾಕಿದ್ದಾನೆ.